ಹೋಬಿ 16: ಯಾವ ತಂತಿ ಬಿಗಿಯಬೇಕು, ಯಾವುದನ್ನು ಸಡಿಲ ಬಿಡಬೇಕು

ಎರಡು ಒಡಲಿನ ಸಣ್ಣ ಹಾಯಿದೋಣಿ ಹೋಬಿ 16ನ್ನು ಸೆಕೆಂಡ್ ಹ್ಯಾಂಡ್ ಕೊಂಡವರಲ್ಲಿ ಹೆಚ್ಚಿನವರು ಮೊದಲ ವಾರ ಒಂದೇ ತಪ್ಪು ಮಾಡುತ್ತಾರೆ. ಹಾಯಿ ಕಟ್ಟುವ ಕಂಬ, ಅಂದರೆ ಮಾಸ್ಟ್, ಎತ್ತಿ ನಿಲ್ಲಿಸಿ, ಅದನ್ನು ಹಿಡಿದು ಅಲ್ಲಾಡಿಸುತ್ತಾರೆ. ಅದು ಲೊಡಲೊಡ ಎನ್ನುತ್ತದೆ. ಕಣ್ಣೆದುರಿಗೇ ಇರುವ, ಮಾಸ್ಟಿನಿಂದ ಮುಂದಕ್ಕೆ ಇಳಿಯುವ ಫೋರ್‌ಸ್ಟೇ ತಂತಿಯನ್ನು ಎರಡು ತೂತು ಕೆಳಗಿಳಿಸಿ ಬಿಗಿ ಮಾಡುತ್ತಾರೆ. ಮಾಸ್ಟ್ ಗಟ್ಟಿಯಾಗಿ ನಿಂತದ್ದು ಕಂಡು ಸಮಾಧಾನವಾಗುತ್ತದೆ. ನೀರಿಗಿಳಿದ ಮೇಲೆ ದೋಣಿ ಗಾಳಿಗೆ ಓರೆಯಾಗಿ ಏರಲು ಒಲ್ಲೆ ಎನ್ನುತ್ತದೆ, ಮಾಸ್ಟಿನ ಮುಂದಿರುವ ಸಣ್ಣ ಹಾಯಿ, ಜಿಬ್, ಅದರ ಮುಂದಿನ ಅಂಚು ಬಳುಕುತ್ತಿರುತ್ತದೆ, ಸವಾರನಿಗೆ ಕಾರಣ ಹೊಳೆಯುವುದಿಲ್ಲ.

ನಾನೂ ಹೀಗೇ ಮಾಡಿದ್ದೆ. ಊರು ಹೊನ್ನಾವರದ ಕಡೆ, ಈಗ ಇರುವುದು ದುಬೈಯಲ್ಲಿ. ಶುಕ್ರವಾರ ಬೆಳಿಗ್ಗೆ ಕಡಲಿಗೆ ಇಳಿಯುವ ನಮ್ಮ ಸಣ್ಣ ಗುಂಪಿನಲ್ಲಿ ಕರಾವಳಿಯ ಕನ್ನಡಿಗರು ನಾಲ್ಕೈದು ಮಂದಿ ಇದ್ದೇವೆ. ಹೊಸದಾಗಿ ದೋಣಿ ಕೊಂಡವರು ಕೇಳುವ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಇದೇ ಜಾಗಕ್ಕೆ ಬರುತ್ತವೆ: ಎಷ್ಟು ಬಿಗಿ ಮಾಡಬೇಕು? ಎಷ್ಟು ಎನ್ನುವುದಕ್ಕಿಂತ ಮೊದಲು ಯಾವುದನ್ನು ಎಂಬುದು ತಿಳಿಯಬೇಕು. ಅದನ್ನು ಒಮ್ಮೆ ಕ್ರಮವಾಗಿ ಬರೆದಿಡೋಣ ಎಂದು ಇದು.

ಕ್ಯಾಟಮರಾನ್ ಎಂಬ ಪದ ಇಂಗ್ಲಿಷಿಗೆ ಹೋದದ್ದು ತಮಿಳಿನ ಕಟ್ಟುಮರದಿಂದ. ಕಟ್ಟು, ಮರ ಎರಡೂ ನಮ್ಮ ಮಾತುಗಳೂ ಹೌದು. ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಸುತ್ತಿದ್ದವರಿಗೆ ದೋಣಿ ಎಂದರೆ ಆ ಕಟ್ಟೇ. ಕಟ್ಟು ಸಡಿಲಿದರೆ ಉಳಿಯುವುದು ತೇಲುವ ಮರ ಮಾತ್ರ. ಫೈಬರ್‌ಗ್ಲಾಸಿನ ಹೋಬಿಯಲ್ಲೂ ಈ ಲೆಕ್ಕ ಬದಲಾಗಿಲ್ಲ. ಎರಡು ಒಡಲು, ನಡುವೆ ಅಲ್ಯೂಮಿನಿಯಂ ಚೌಕಟ್ಟು, ಅದರ ಮೇಲೆ ಬಿಗಿದ, ಸವಾರರು ಕೂರುವ ಬಟ್ಟೆ ಟ್ರಾಂಪೊಲಿನ್, ಮುಂದಿನ ಅಡ್ಡಪಟ್ಟಿಯ ನಡುವೆ ನಿಂತ ಮಾಸ್ಟ್, ಅದನ್ನು ಹಿಡಿದ ಮೂರು ತಂತಿ.

ಮೊದಲು ದೋಣಿಯ ಪರಿಚಯ

ಹೋಬಿ 16 ಕ್ಯಾಲಿಫೋರ್ನಿಯಾದ ದೋಣಿ. ಸರ್ಫ್‌ಬೋರ್ಡ್ ಮಾಡಿ ಹೆಸರಾದ ಹೋಬಿ ಆಲ್ಟರ್ 1968ರಲ್ಲಿ ಹೋಬಿ 14 ತಂದರು, ಅದರ ಬೆನ್ನಿಗೇ 16 ಬಂತು. ಅಲೆ ಒಡೆಯುವ ಮರಳ ದಂಡೆಯಿಂದ ನೇರ ನೀರಿಗೆ ತಳ್ಳಿ, ಹಾಗೇ ಮರಳಿಗೆ ಏರಿಸಬಹುದಾದ ದೋಣಿ ಬೇಕೆಂದು ಮಾಡಿದ್ದು. ಅದಕ್ಕೇ ಕೆಳಗೆ ನೀರಿಗಿಳಿಯುವ ಹಲಗೆ, ಸೆಂಟರ್‌ಬೋರ್ಡ್ ಇಲ್ಲ. ಒಡಲುಗಳು ಬಾಳೆಹಣ್ಣಿನ ಹಾಗೆ ಬಾಗಿವೆ, ಹೊರಮೈ ಚಪ್ಪಟೆ, ಒಳಮೈ ಉಬ್ಬು. ಉದ್ದ 5.05 ಮೀಟರ್, ಅಗಲ 2.41 ಮೀಟರ್, ತೂಕ ಸುಮಾರು 145 ಕಿಲೊ, ಎರಡೂ ಹಾಯಿ ಸೇರಿ 218 ಚದರ ಅಡಿ. ಇಷ್ಟು ಹಗುರ ದೋಣಿಗೆ ಇದು ದೊಡ್ಡ ಹಾಯಿ. ಅದರ ಎಳೆತ ಅಷ್ಟೂ ತಂತಿಗಳ ಮೂಲಕ ಒಡಲಿಗೆ ಇಳಿಯುತ್ತದೆ.

ತಂತಿಗಳ ಹೆಸರು ತಿಳಿದಿರಲಿ. ಮಾಸ್ಟ್‌ನ ಮೇಲುಭಾಗದಿಂದ ಎಡ ಬಲಕ್ಕೆ, ಸ್ವಲ್ಪ ಹಿಂದಕ್ಕೆ ಇಳಿದು ಒಡಲಿನ ಅಂಚಿಗೆ ಸೇರುವ ಎರಡು ತಂತಿ ಶ್ರೌಡ್. ಮುಂದಕ್ಕೆ ಇಳಿಯುವುದು ಫೋರ್‌ಸ್ಟೇ. ಎರಡೂ ಒಡಲಿನ ಮೂತಿಯಿಂದ ಬಂದು ನಡುವೆ ಕೂಡುವ ಕವಲುತಂತಿ ಬ್ರೈಡಲ್. ಫೋರ್‌ಸ್ಟೇ ಅದಕ್ಕೆ ಸೇರುತ್ತದೆ. ಶ್ರೌಡ್ ಮತ್ತು ಫೋರ್‌ಸ್ಟೇ ಎರಡರ ಕೆಳತುದಿಯಲ್ಲೂ ಸಾಲು ತೂತುಗಳಿರುವ ಸ್ಟೀಲಿನ ಪಟ್ಟಿ ಇರುತ್ತದೆ, ಅಡ್ಜಸ್ಟರ್ ಎನ್ನುತ್ತಾರೆ. ಯಾವ ತೂತಿಗೆ ಕ್ಲೆವಿಸ್ ಪಿನ್ ಹಾಕುತ್ತೀರಿ ಎನ್ನುವುದರ ಮೇಲೆ ತಂತಿಯ ಉದ್ದ ನಿಂತಿದೆ. ಪಿನ್ ಕಳಚದಂತೆ ಅದರ ತುದಿಯಲ್ಲಿ ಒಂದು ಸಣ್ಣ ಸುರುಳಿ ರಿಂಗ್, ಬೀಗದ ಕೈ ಗೊಂಚಲಿನ ಬಳೆಯ ಹಾಗೆ.

ಇನ್ನು ಮುಖ್ಯ ಮಾತು. ಹಾಯಿ ಬಿಚ್ಚಿ ಓಡುವಾಗ ಮಾಸ್ಟನ್ನು ಮುಂದಿನಿಂದ ಹಿಡಿದಿರುವುದು ಫೋರ್‌ಸ್ಟೇ ಅಲ್ಲ. ಜಿಬ್ ಹಾಯಿಯ ಮುಂದಿನ ಅಂಚಿನೊಳಗೆ ಹೊಲಿದ ತಂತಿ ಮತ್ತು ಅದನ್ನು ಎಳೆದು ಕಟ್ಟಿದ ಜಿಬ್ ಹ್ಯಾಲ್ಯಾರ್ಡ್ (ಜಿಬ್ ಏರಿಸುವ ಹಗ್ಗ) ಹಿಡಿದಿರುತ್ತವೆ. ಆಗ ಫೋರ್‌ಸ್ಟೇ ಜೋಲುಬಿದ್ದಿರಬೇಕು. ಜಿಬ್ ಇಳಿಸಿದಾಗ ಮಾಸ್ಟ್ ಹಿಂದಕ್ಕೆ ಬೀಳದಂತೆ ತಡೆಯುವುದಷ್ಟೇ ಅದರ ಕೆಲಸ, ನಿಲ್ಲಿಸಿದ ಸೈಕಲ್ಲಿಗೆ ಸ್ಟ್ಯಾಂಡ್ ಇದ್ದ ಹಾಗೆ. ಅದನ್ನು ಬಿಗಿ ಮಾಡಿದರೆ ಭಾರವೆಲ್ಲ ಅದಕ್ಕೇ ಹೋಗಿ, ಜಿಬ್‌ನ ಅಂಚು ಸಡಿಲ ಬೀಳುತ್ತದೆ. ಮೇಲೆ ಹೇಳಿದ ತಪ್ಪಿನ ಮೂಲ ಇದು.

ಬಿಗಿಯುವ ಮೊದಲು ನೋಡಬೇಕಾದ್ದು

ಮಾಸ್ಟ್ ಮಲಗಿಸಿರುವಾಗಲೇ ಈ ಕೆಲಸ ಮಾಡಿ. ನಿಂತ ಮೇಲೆ ಎಂಟು ಮೀಟರ್ ಎತ್ತರದಲ್ಲಿರುವುದನ್ನು ನೋಡಲು ಆಗದು.

ಶ್ರೌಡ್ ತಂತಿ ಸುಮಾರು 3.2 ಮಿಲಿಮೀಟರ್ ದಪ್ಪ, ಹತ್ತೊಂಬತ್ತು ಎಳೆ ಹೆಣೆದ ಸ್ಟೇನ್‌ಲೆಸ್ ಸ್ಟೀಲ್. ಹೊಸತಿದ್ದಾಗ 900 ಕಿಲೊ ಎಳೆತ ತಡೆಯುತ್ತದೆ, ಒಂದು ಸಣ್ಣ ಕಾರನ್ನು ನೇತುಹಾಕಬಹುದು. ಇಂಥ ತಂತಿ ನಡುವಿನಲ್ಲಿ ತುಂಡಾಗುವುದು ಅಪರೂಪ. ಹೋಗುವುದು ತುದಿಯಲ್ಲಿ, ತಂತಿ ಮಡಚಿ ತಾಮ್ರದ ತೋಳಿನಲ್ಲಿ ಒತ್ತಿ ಕೂರಿಸಿದ ಕಡೆ. ಒಂದು ಹಳೇ ಹತ್ತಿ ಬಟ್ಟೆ ತೆಗೆದುಕೊಂಡು ತಂತಿಯ ಮೇಲಿನಿಂದ ಕೆಳಗಿನವರೆಗೆ ಸವರಿ. ಎಳೆ ತುಂಡಾಗಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬೇಡಿ, ಮೀನಿನ ಗಾಳದಂತೆ ಚರ್ಮಕ್ಕೆ ಕಚ್ಚುತ್ತದೆ. ಒಂದು ಎಳೆ ತುಂಡಾಗಿದ್ದರೂ ಆ ತಂತಿಯ ಕಥೆ ಮುಗಿಯಿತು, ಅದರ ಜೋಡಿಯನ್ನೂ ಸೇರಿಸಿ ಬದಲಿಸಿ. ಎರಡರ ವಯಸ್ಸೂ ಒಂದೇ, ಎಡದ್ದು ಹೋದ ಮೇಲೆ ಬಲದ್ದು ಬಹಳ ದಿನ ಕಾಯುವುದಿಲ್ಲ.

ಹಳೆಯ ದೋಣಿಗಳಲ್ಲಿ ತಂತಿಗೆ ಬಿಳಿ ಪ್ಲಾಸ್ಟಿಕ್ ಹೊದಿಕೆ ಇರುವುದುಂಟು. ನೋಡಲು ಚೆನ್ನ, ಆದರೆ ಉಪ್ಪುನೀರು ಒಳಗೆ ನಿಂತು ತುಕ್ಕನ್ನು ಬಚ್ಚಿಡುತ್ತದೆ. ಹೊದಿಕೆಯ ತುದಿಯಲ್ಲಿ ಕಂದು ಬಣ್ಣದ ನೀರು ಒಸರಿದ ಗುರುತು ಕಂಡರೆ ಯೋಚಿಸದೆ ಬದಲಿಸಿ. ಇಲ್ಲಿನ ಬಿಸಿಲು, ಉಪ್ಪು, ಧೂಳಿನಲ್ಲಿ ನಾನು ಕಣ್ಣಿಗೆ ಏನೂ ಕಾಣದಿದ್ದರೂ ಮೂರು ವರ್ಷಕ್ಕೊಮ್ಮೆ ತಂತಿ ಹೊಸತು ಹಾಕುತ್ತೇನೆ. ಸಿಹಿನೀರಿನ ಕೆರೆ, ಜಲಾಶಯಗಳಲ್ಲಿ ಓಡುವ ದೋಣಿಗೆ ಇದಕ್ಕಿಂತ ಹೆಚ್ಚು ಆಯಸ್ಸು.

ಮಾಸ್ಟ್‌ನ ಮೇಲೆ ಎಲ್ಲ ತಂತಿಗಳೂ ಒಂದೇ ದೊಡ್ಡ ಶ್ಯಾಕಲ್ಲಿಗೆ (ತಿರುಪುಪಿನ್ ಇರುವ ಕೊಂಡಿ) ಸೇರುತ್ತವೆ: ಫೋರ್‌ಸ್ಟೇ, ಎರಡು ಶ್ರೌಡ್, ಟ್ರಪೀಜ್‌ನ ನಾಲ್ಕು ತಂತಿ (ಸವಾರರು ಕೊಕ್ಕೆ ಸಿಕ್ಕಿಸಿ ದೋಣಿಯಾಚೆ ವಾಲಲು). ಒಂದು ತಂತಿ ಇನ್ನೊಂದರ ಮೇಲೆ ಹತ್ತಿ ಕೂತಿಲ್ಲವೆಂದು ನೋಡಿ. ಶ್ಯಾಕಲ್‌ನ ತಿರುಪುಪಿನ್ನನ್ನು ಕೈಯಲ್ಲಿ ಬಿಗಿದು, ಆಮೇಲೆ ಇಕ್ಕಳದಿಂದ ಕಾಲು ಸುತ್ತು. ಅಷ್ಟಕ್ಕೇ ಬಿಡಬಾರದು. ಪಿನ್‌ನ ತಲೆಯ ತೂತಿಗೆ ತೆಳ್ಳನೆಯ ಸ್ಟೇನ್‌ಲೆಸ್ ತಂತಿ ಹಾಯಿಸಿ ಶ್ಯಾಕಲ್‌ನ ಮೈಗೆ ಸುತ್ತಿ ಕಟ್ಟಿ. ಮಾಸ್ಟ್ ದಿನಕ್ಕೆ ನೂರು ಸಲ ತಿರುಗುತ್ತದೆ, ಪ್ರತಿ ತಿರುವೂ ಆ ಪಿನ್ನನ್ನು ಕೂದಲೆಳೆಯಷ್ಟು ಸಡಿಲಿಸಲು ನೋಡುತ್ತದೆ. ದೋಣಿಯಲ್ಲಿ ಅತಿ ಮುಖ್ಯವಾದ ಒಂದು ಕಟ್ಟು ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಮಾಸ್ಟ್‌ನ ಬುಡ ಕೂರುವ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆ ಇರುತ್ತದೆ. ಅದು ಸವೆದು ತೆಳ್ಳಗಾಗಿದ್ದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಮಾಸ್ಟ್ ಕಿರುಗುಟ್ಟುತ್ತ ತಿರುಗಲು ಮುಷ್ಕರ ಹೂಡುತ್ತದೆ. ಬೆಲೆ ಏನೂ ಅಲ್ಲ, ಬದಲಿಸಿಬಿಡಿ.

ಮತ್ತೊಂದು, ಹೆಚ್ಚಿನವರು ಬಿಡುವ ಪರೀಕ್ಷೆ. ಹುಲ್ಲಿನ ಮೇಲೋ ಮರಳಿನ ಮೇಲೋ ದೋಣಿ ಇಟ್ಟು, ಒಂದು ಒಡಲಿನ ಮೂತಿಯನ್ನು ಮಾತ್ರ ಎತ್ತಿ. ಇನ್ನೊಂದರ ಮೂತಿ ಜೊತೆಜೊತೆಗೇ ಎದ್ದರೆ ಚೌಕಟ್ಟು ಗಟ್ಟಿ ಇದೆ. ಒಂದು ಮೂತಿ ಗೇಣುಗಟ್ಟಲೆ ಎದ್ದ ಮೇಲೆ ಇನ್ನೊಂದು ಅಲುಗಿದರೆ ಚೌಕಟ್ಟಿನ ಮೂಲೆಗಳಲ್ಲಿ, ಒಡಲಿನ ಕಂಬಗಳು ಎರಕದ ಮೂಲೆತುಂಡಿನೊಳಗೆ ಕೂರುವ ಕಡೆ, ಆಟ ಬಿದ್ದಿದೆ. ಇಂಥ ದೋಣಿಯಲ್ಲಿ ತಂತಿ ಎಷ್ಟು ಬಿಗಿದರೂ ನಿಲ್ಲದು. ಅಲೆ ಹತ್ತಿದಾಗ ಚೌಕಟ್ಟು ತಿರುಚಿ ಒಮ್ಮೆ ಎಡ ಶ್ರೌಡ್, ಒಮ್ಮೆ ಬಲ ಶ್ರೌಡ್ ಜೋಲುತ್ತದೆ. ಮೊದಲು ಟ್ರಾಂಪೊಲಿನ್ ಹಗ್ಗ ಬಿಗಿದು ನೋಡಿ, ಎಷ್ಟೋ ಸಲ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಹಗ್ಗವನ್ನು ಒಂದು ತುದಿಯಿಂದ ಪ್ರತಿ ಕಣ್ಣಿನಲ್ಲೂ ಸಡಿಲು ಹೊರಗೆಳೆಯುತ್ತ ಹೋಗಿ, ಕೊನೆಯಲ್ಲಿ ಕಟ್ಟಿ. ಒಂದು ದಿನ ಓಡಿಸಿ ನೆನೆದ ಮೇಲೆ ಮತ್ತೆ ಎಳೆಯಿರಿ. ಮೇಲೆ ನಡೆದರೆ ಮಂಚದ ನವಾರಿನ ಹಾಗೆ ತಗ್ಗಬಾರದು.

ಚೌಕಟ್ಟಿನ ನೈಲಾಕ್ ನಟ್‌ಗಳ ವಿಷಯಕ್ಕೆ ಒಂದೇ ಮಾತು: ಒಮ್ಮೆ ಬಿಚ್ಚಿದ ನಟ್ಟನ್ನು ಮತ್ತೆ ಹಾಕಬೇಡಿ, ಒಳಗಿನ ನೈಲಾನ್ ಹಿಡಿತ ಕಳೆದುಕೊಂಡಿರುತ್ತದೆ. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಮುಟ್ಟುವ ಕಡೆ ಬಿಳಿ ಪುಡಿ ಕಂಡರೆ ಎರಡು ಲೋಹಗಳ ನಡುವೆ ಉಪ್ಪುನೀರು ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಬಿಚ್ಚಿ ತೊಳೆದು, ಲ್ಯಾನೊಲಿನ್ ಗ್ರೀಸ್ ಸವರಿ ಮತ್ತೆ ಕೂರಿಸಿ.

ಮಾಸ್ಟ್ ಎತ್ತುವುದು

ಎತ್ತುವ ಮೊದಲು ತಲೆಯೆತ್ತಿ ನೋಡಿ. ದೋಣಿ ನಿಂತ ಜಾಗದ ಮೇಲೆ ಮಾತ್ರವಲ್ಲ, ಅಲ್ಲಿಂದ ನೀರಿನವರೆಗಿನ ದಾರಿಯುದ್ದಕ್ಕೂ. ಅಲ್ಯೂಮಿನಿಯಂ ಮಾಸ್ಟ್ ಕರೆಂಟು ತಂತಿಗೆ ತಗುಲಿ ಜನ ಸತ್ತಿದ್ದಾರೆ. ಆ ಕಾರಣಕ್ಕೇ 1980ರ ದಶಕದಲ್ಲಿ ಹೋಬಿ 16ರ ಮಾಸ್ಟ್‌ನ ಮೇಲ್ತುದಿಯನ್ನು ಕರೆಂಟು ಹರಿಯದ ಫೈಬರ್‌ಗ್ಲಾಸಿನಿಂದ ಮಾಡಲು ತೊಡಗಿದರು, ಕಾಂಪ್‌ಟಿಪ್ ಎನ್ನುತ್ತಾರೆ. ನಿಮ್ಮದರಲ್ಲಿ ಅದು ಇದ್ದರೂ ಕೆಳಗಿನ ಭಾಗವೂ ತಂತಿಗಳೂ ಲೋಹವೇ. ಕಾಂಪ್‌ಟಿಪ್ ಇದೆಯೆಂದು ಕರೆಂಟು ತಂತಿಯ ಹತ್ತಿರ ಹೋಗುವ ಧೈರ್ಯ ಮಾಡಬೇಡಿ.

ಇಬ್ಬರಿದ್ದರೆ ಸಲೀಸು, ಮೂವರಿದ್ದರೆ ಇನ್ನೂ ಒಳ್ಳೆಯದು. ಎರಡೂ ಶ್ರೌಡ್‌ಗಳನ್ನು ಮೊದಲೇ ಒಡಲಿಗೆ ಸೇರಿಸಿ, ಪಿನ್ ಹಾಕಿ, ರಿಂಗ್ ತೊಡಿಸಿ. ತಂತಿ ಎಲ್ಲಿಯೂ ಚುಕ್ಕಾಣಿಗೋ ಅಡ್ಡಪಟ್ಟಿಗೋ ಸಿಕ್ಕಿಕೊಂಡಿರಬಾರದು. ಎತ್ತುವ ಹೊತ್ತಿಗೆ ಅಡ್ಜಸ್ಟರ್ ಓರೆಯಾಗಿ ಸಿಕ್ಕಿ ಮಡಚಿದರೆ ಪಟ್ಟಿ ಬಾಗುತ್ತದೆ. ಒಬ್ಬರು ಟ್ರಾಂಪೊಲಿನ್ ಮೇಲೆ ನಿಂತು ಮಾಸ್ಟ್ ಹೆಗಲಿಗೆ ಕೊಟ್ಟು ಏರಿಸಿ, ಇನ್ನೊಬ್ಬರು ಮುಂದೆ ನಿಂತು ಫೋರ್‌ಸ್ಟೇ ಎಳೆಯಲಿ. ನಿಂತ ಮೇಲೆ ಮಾಸ್ಟ್ ಹಿಡಿದವರು ಮುಂದಕ್ಕೆ ಒರಗಿಸಿ ಹಿಡಿದಿರಬೇಕು. ಫೋರ್‌ಸ್ಟೇಯ ಪಿನ್ ಹಾಕಿ, ರಿಂಗ್ ತೊಡಿಸಿ, "ಆಯ್ತು" ಎಂದು ಬಾಯಿಬಿಟ್ಟು ಹೇಳುವ ತನಕ ಕೈ ಬಿಡಬಾರದು. ತಲೆಯಾಡಿಸಿದ್ದು, ಕೈಸನ್ನೆ ಮಾಡಿದ್ದು ಲೆಕ್ಕಕ್ಕಿಲ್ಲ.

ಗಾಳಿ ಜೋರಿದ್ದ ದಿನ ಮಾಸ್ಟ್ ಎತ್ತುವಾಗ ದೋಣಿಯ ಮೂತಿ ಗಾಳಿಗೆ ಎದುರಾಗಿರಲಿ.

ಬಿಗಿ ಹೊಂದಿಸುವ ಕ್ರಮ

ಈಗ ಅಸಲು ಕೆಲಸ. ದೋಣಿ ದಂಡೆಯ ಮೇಲೆ, ಮೂತಿ ಗಾಳಿಗೆ ಎದುರಾಗಿ, ಚಕ್ರದ ಗಾಡಿಯಿಂದ ಇಳಿಸಿ ಸಮತಟ್ಟಾಗಿ ಇರಲಿ.

1. ಎರಡೂ ಶ್ರೌಡ್‌ಗಳ ಪಿನ್ ಒಂದೇ ತೂತಿನಲ್ಲಿದೆಯೇ, ಎಣಿಸಿ. ಕೆಳಗಿನಿಂದ ಎಣಿಸಿದರೆ ಎರಡೂ ಕಡೆ ಕೆಳಗಿನಿಂದಲೇ ಎಣಿಸಿ. ಸಮಾನ ಸಂಖ್ಯೆ ಬಂದರೂ ತಂತಿಗಳ ಉದ್ದ ಸಮ ಎಂದು ಖಾತ್ರಿಯಿಲ್ಲ, ಹಳೆ ದೋಣಿಯಲ್ಲಿ ಒಂದು ಬದಿಯದು ಬದಲಾಗಿರಬಹುದು. ದೊಡ್ಡ ಹಾಯಿ, ಅಂದರೆ ಮೇನ್, ಏರಿಸುವ ಹಗ್ಗವಾದ ಮೇನ್ ಹ್ಯಾಲ್ಯಾರ್ಡ್‌ನ ತುದಿಯನ್ನು ಒಂದು ಬದಿಯಲ್ಲಿ ಶ್ರೌಡ್ ಒಡಲಿಗೆ ಸೇರುವ ಜಾಗಕ್ಕೆ ಬಿಗಿಯಾಗಿ ಹಿಡಿದು ಗುರುತು ಮಾಡಿ, ಇನ್ನೊಂದು ಬದಿಗೆ ಒಯ್ದು ಹೋಲಿಸಿ. ಸರಿಹೊಂದದಿದ್ದರೆ ಮಾಸ್ಟ್ ಒಂದು ಕಡೆಗೆ ವಾಲಿದೆ.

2. ಜಿಬ್ ಏರಿಸಿ. ಹ್ಯಾಲ್ಯಾರ್ಡನ್ನು ಪುಲ್ಲಿಗಳ ಮೂಲಕ ಕೈಯಾರೆ ಎಷ್ಟು ಬರುತ್ತದೋ ಅಷ್ಟು ಎಳೆಯಿರಿ. ಆಮೇಲೆ ಜೊತೆಯವರಿಗೆ ಮುಂದೆ ಹೋಗಿ ಫೋರ್‌ಸ್ಟೇ ಹಿಡಿದು ತಮ್ಮ ಮೈಭಾರ ಹಾಕಿ ಜೋತುಬೀಳಲು ಹೇಳಿ. ಅವರು ಎಳೆದಷ್ಟೂ ಮಾಸ್ಟ್ ಮುಂದಕ್ಕೆ ಬರುತ್ತದೆ, ಆ ಸಡಿಲನ್ನು ನೀವು ಹಗ್ಗದಲ್ಲಿ ಎಳೆದು, ಹಗ್ಗ ಹಿಡಿದಿಡುವ ಕ್ಲೀಟಿಗೆ ಕಟ್ಟಿ. ಪುಲ್ಲಿಗಳನ್ನು ಹೆಚ್ಚಿಸಿ ಬಲವನ್ನು ಆರು ಪಟ್ಟು ಮಾಡಿಕೊಂಡವರಿಗೆ ಈ ಸರ್ಕಸ್ ಬೇಕಿಲ್ಲ. ಒಬ್ಬರೇ ಓಡಿಸುವವರು ಹಾಗೆ ಮಾಡಿಸಿಕೊಳ್ಳುವುದು ಮೇಲು.

3. ಫೋರ್‌ಸ್ಟೇ ನೋಡಿ. ಅದು ಜೋಲುಬಿದ್ದಿರಬೇಕು, ಬೆರಳಿನಿಂದ ದೂಡಿದರೆ ಹಗ್ಗದಂತೆ ಓಲಾಡಬೇಕು. ಇನ್ನೂ ಬಿಗಿಯಾಗಿಯೇ ಇದ್ದರೆ ಅದು ಗಿಡ್ಡವಾಯಿತು. ಜಿಬ್ ಸಡಿಲಿಸಿ, ಅಡ್ಜಸ್ಟರ್‌ನಲ್ಲಿ ಫೋರ್‌ಸ್ಟೇ ಒಂದು ತೂತು ಉದ್ದ ಮಾಡಿ, ಎರಡನೇ ಹಂತಕ್ಕೆ ಮರಳಿ.

4. ಈಗ ಶ್ರೌಡ್ ಹಿಡಿದು ನೋಡಿ. ಎರಡೂ ಬಿಗಿಯಾಗಿರಬೇಕು. ತಂಬೂರಿ ತಂತಿಯ ಹಾಗೆ ನಾದ ಬರುವಷ್ಟು ಬೇಡ, ಆದರೆ ಮಾಸ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರೆ ಬುಡದಲ್ಲಿ ಲೊಡಕು ಕೇಳಬಾರದು.

5. ಮಾಸ್ಟನ್ನು ಎರಡು ಕೈಯಿಂದ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ಸಲೀಸಾಗಿ ತಿರುಗಬೇಕು. ಈ ದೋಣಿಯ ಮಾಸ್ಟ್ ತಿರುಗಿ ಗಾಳಿಗೆ ಮುಖ ಕೊಟ್ಟರೆ ಮಾತ್ರ ಹಾಯಿಗೆ ಸರಿಯಾದ ಆಕಾರ ಬರುವುದು. ತಿರುಗದಿದ್ದರೆ ಬಿಗಿ ಹೆಚ್ಚಾಗಿದೆ, ಇಲ್ಲವೇ ಬುಡದ ಬಿಲ್ಲೆ ಹೋಗಿದೆ.

ನಾಲ್ಕು ಮತ್ತು ಐದನೇ ಹಂತ ಒಂದನ್ನೊಂದು ಎಳೆಯುತ್ತವೆ, ಆ ಎಳೆದಾಟದ ನಡುವೆ ನಿಮ್ಮ ಬಿಗಿ ಇದೆ. ದೊಡ್ಡ ಹಾಯಿದೋಣಿಗಳವರು ತಂತಿಯ ಬಿಗಿ ಅಳೆಯುವ ಗೇಜ್ ಬಳಸುತ್ತಾರೆ. ಹೋಬಿ 16ರಲ್ಲಿ ಬಿಗಿಯೆಲ್ಲ ಜಿಬ್ ಹ್ಯಾಲ್ಯಾರ್ಡ್‌ನಿಂದ ಬರುವುದು, ಪ್ರತಿ ಸಲ ಹಾಯಿ ಏರಿಸಿದಾಗ ಹೊಸದಾಗಿ ಬರುವುದು. ಹಾಗಾಗಿ ನಾನು ಗೇಜ್ ಮುಟ್ಟಿಲ್ಲ. ಕೈಗೆ ಅಭ್ಯಾಸವಾಗುತ್ತದೆ. ಪ್ರತಿ ಸಲ ಹ್ಯಾಲ್ಯಾರ್ಡ್ ಹಗ್ಗ ಕ್ಲೀಟಿನ ಬಳಿ ಎಲ್ಲಿ ನಿಲ್ಲುತ್ತದೆ ಎಂಬಲ್ಲಿ ಕಪ್ಪು ಮಾರ್ಕರ್‌ನಿಂದ ಗೆರೆ ಎಳೆದಿಟ್ಟರೆ ಸಾಕು.

ಮಾಸ್ಟ್ ಎಷ್ಟು ಹಿಂದಕ್ಕೆ ಒರಗಬೇಕು

ಇದನ್ನು ರೇಕ್ ಎನ್ನುತ್ತಾರೆ. ಹೋಬಿ 16ರ ಮೂತಿ ಚೂಪು, ಅದರಲ್ಲಿ ತೇಲುವ ಶಕ್ತಿ ಕಡಿಮೆ. ಜೋರು ಗಾಳಿಯಲ್ಲಿ ಹಿಂದಿನಿಂದ ಹಾಯಿ ತುಂಬಿದಾಗ ಮೂತಿ ನೀರಿಗೆ ಚುಚ್ಚಿ ದೋಣಿ ಮುಂದಕ್ಕೆ ಮಗುಚುವುದು ಇದರ ಹೆಸರಾಂತ ದೋಷ. ಮಾಸ್ಟ್ ಹಿಂದಕ್ಕೆ ಒರಗಿದಷ್ಟೂ ಮೂತಿ ಏಳುತ್ತದೆ. ಪಂದ್ಯದವರು ಬಹಳ ಹಿಂದಕ್ಕೆ ಒರಗಿಸುವುದು ಇದಕ್ಕೇ. ಆದರೆ ಒರಗಿದಷ್ಟೂ ಚುಕ್ಕಾಣಿಯ ಎಳೆತ ಹೆಚ್ಚುತ್ತದೆ, ದೋಣಿ ತಾನಾಗಿ ಗಾಳಿಗೆ ಮುಖ ತಿರುಗಿಸಲು ಹವಣಿಸುತ್ತದೆ.

ಇಲ್ಲಿ ಹೊಸಬರು ಅವಸರಪಡುತ್ತಾರೆ. ಚುಕ್ಕಾಣಿ ಭಾರವಾಗಿದೆ ಎಂದು ತಂತಿಗೆ ಕೈ ಹಾಕುವ ಮುಂಚೆ ಚುಕ್ಕಾಣಿಯ ಹಲಗೆಗಳನ್ನೇ ನೋಡಿ. ಅವು ಪೂರ್ತಿ ಇಳಿದು ಬೀಗ ಬಿದ್ದಿದೆಯೇ? ಕೆಳತುದಿ ಎರಡು ಬೆರಳಷ್ಟು ಹಿಂದಕ್ಕೆ ಓಲಿದ್ದರೂ ತೋಳು ಸೋತುಹೋಗುವಷ್ಟು ಭಾರ ಬರುತ್ತದೆ. ನಮ್ಮ ಗುಂಪಿನ ಕುಂದಾಪುರದ ಗೆಳೆಯರೊಬ್ಬರು ಇಡೀ ಚಳಿಗಾಲ ಶ್ರೌಡ್ ಮೇಲೆ ಕೆಳಗೆ ಮಾಡಿದರು. ಕೊನೆಗೆ ಗೊತ್ತಾದದ್ದು ಬಲಗಡೆಯ ಚುಕ್ಕಾಣಿಯ ಬೀಗದ ಸ್ಪ್ರಿಂಗ್ ಸೋತಿತ್ತು ಎಂದು.

ರೇಕ್ ಹೆಚ್ಚಿಸಬೇಕೆಂದರೆ ಶ್ರೌಡ್ ಗಿಡ್ಡವಾಗಬೇಕು, ಅಂದರೆ ಪಿನ್ ಕೆಳಗಿನ ತೂತಿಗೆ. ಮುಂದಿನ ಕಡೆ ಅಷ್ಟೇ ಸಡಿಲು ಬೇಕು, ಆದ್ದರಿಂದ ಫೋರ್‌ಸ್ಟೇ ಮೊದಲು ಉದ್ದ ಮಾಡಿ, ಶ್ರೌಡ್ ಆಮೇಲೆ ಗಿಡ್ಡ ಮಾಡಿ. ಕಡಿಮೆ ಮಾಡುವಾಗ ಮೊದಲು ಶ್ರೌಡ್ ಉದ್ದ, ನಂತರ ಫೋರ್‌ಸ್ಟೇ ಗಿಡ್ಡ. ಈ ಕ್ರಮ ತಲೆಕೆಳಗಾದರೆ ಪಿನ್ ತೂತಿಗೆ ಕೂರುವುದೇ ಇಲ್ಲ, ಸಿಟ್ಟಿನಲ್ಲಿ ಸುತ್ತಿಗೆ ತೆಗೆದುಕೊಳ್ಳುವ ಹಾಗಾಗುತ್ತದೆ. ಸುತ್ತಿಗೆ ಬೇಕಾಯಿತು ಎಂದರೆ ಏನೋ ತಪ್ಪಾಗಿದೆ ಎಂದೇ ಅರ್ಥ.

ಮಾಸ್ಟ್ ನಿಂತಿರುವಾಗ ಶ್ರೌಡ್ ಪಿನ್ ಬದಲಿಸುವುದು ಅಪಾಯದ ಕೆಲಸ, ಗಾಳಿಯಿದ್ದರೆ ಮಾಡಲೇಬೇಡಿ, ಮಾಸ್ಟ್ ಇಳಿಸಿ. ಗಾಳಿಯಿಲ್ಲದ ಬೆಳಿಗ್ಗೆ, ಹಾಯಿ ಎರಡೂ ಇಳಿಸಿ, ಫೋರ್‌ಸ್ಟೇ ಸೇರಿಸಿದ ಮೇಲೆ ಹೀಗೆ ಮಾಡಬಹುದು. ಬದಲಿಸುವ ಬದಿಯ ಟ್ರಪೀಜ್ ತಂತಿಯ ಕೊಕ್ಕೆಗೆ ಐದು ಮಿಲಿಮೀಟರ್ ಹಗ್ಗ ಕಟ್ಟಿ, ಅದನ್ನು ಅದೇ ಬದಿಯ ಚೌಕಟ್ಟಿಗೆ ಹಾಯಿಸಿ ಎಳೆದು ಗಂಟು ಹಾಕಿ. ಆ ತಂತಿ ಈಗ ಶ್ರೌಡ್‌ನ ಬದಲಿಗೆ ಮಾಸ್ಟ್ ಹಿಡಿದಿದೆ. ಇಷ್ಟಾದರೂ ಒಬ್ಬರು ಮಾಸ್ಟ್ ಬಿಟ್ಟು ಕದಲಬಾರದು. ಶ್ರೌಡ್ ಪಿನ್ ತೆಗೆದು, ಹೊಸ ತೂತಿಗೆ ಹಾಕಿ, ರಿಂಗ್ ತೊಡಿಸಿದ ಮೇಲೆ ಹಗ್ಗ ಬಿಚ್ಚಿ ಇನ್ನೊಂದು ಬದಿಗೆ ಹೋಗಿ. ಎರಡೂ ಬದಿಯ ಪಿನ್ ಒಟ್ಟಿಗೆ ತೆಗೆಯಬೇಡಿ.

ಎಷ್ಟು ರೇಕ್ ಸಾಕು ಎಂಬುದಕ್ಕೆ ದೋಣಿಯೇ ಒಂದು ಮಿತಿ ಹೇಳುತ್ತದೆ. ಮೇನ್ ಹಾಯಿ ಏರಿಸಿ, ಹಿಂದಿನ ಪುಲ್ಲಿಗಳ ಹಗ್ಗವನ್ನು ಪೂರ್ತಿ ಎಳೆಯಿರಿ. ಹಾಯಿಯ ಹಿಂದಿನ ಅಂಚು ಬಿಗಿಯಾಗುವ ಮೊದಲೇ ಮೇಲಿನ ಪುಲ್ಲಿ ಕೆಳಗಿನದಕ್ಕೆ ತಾಗಿಬಿಟ್ಟರೆ ಮಾಸ್ಟ್ ಅತಿಯಾಗಿ ಒರಗಿದೆ, ಒಂದು ತೂತು ಮುಂದಕ್ಕೆ ತನ್ನಿ. ಅಂಚು ಬಿಗಿಯಾದ ಮೇಲೂ ಪುಲ್ಲಿಗಳ ನಡುವೆ ಕೈ ಹಿಡಿಯುವಷ್ಟು ಜಾಗ ಉಳಿದರೆ ಇನ್ನೂ ಒರಗಿಸಲು ಅವಕಾಶವಿದೆ. ಕಲಿಯುತ್ತಿರುವವರು ಆ ಜಾಗ ಉಳಿಸಿಕೊಂಡೇ ಇರಲಿ, ದೋಣಿ ತಿರುಗಿಸುವಾಗ ಸೌಮ್ಯವಾಗಿರುತ್ತದೆ. ಆಮೇಲೆ ಬೇಕಾದರೆ ಒಂದೊಂದೇ ತೂತು.

ನೀರಿನ ಮೇಲೆ ಕಾಣುವುದು

ಗಾಳಿಗೆ ಓರೆಯಾಗಿ ಓಡುವಾಗ ಗಾಳಿ ಬರುವ ಕಡೆಯ ಶ್ರೌಡ್ ಬಿಗಿಯಾಗಿರುತ್ತದೆ, ಮರೆಯ ಕಡೆಯದು ಜೋಲುತ್ತದೆ. ಇದನ್ನು ಕಂಡು ಗಾಬರಿಯಿಂದ ದಂಡೆಗೆ ಮರಳಿದವರಿದ್ದಾರೆ. ಗಾಬರಿ ಬೇಡ, ಸ್ವಲ್ಪ ಜೋಲುವುದು ಸಹಜ. ಆದರೆ ಪ್ರತಿ ಅಲೆಗೂ ಮಾಸ್ಟ್‌ನ ಬುಡ ದಡ್ ದಡ್ ಎಂದು ಕುಟ್ಟಿದರೆ ಸಡಿಲು ಅತಿಯಾಗಿದೆ. ಅಂಥ ಸ್ಥಿತಿಯಲ್ಲಿ ದೋಣಿ ಮಗುಚಿದರೆ ಬುಡ ತನ್ನ ಜಾಗದಿಂದ ಜಿಗಿದುಬಿಡಬಹುದು, ನೀರಲ್ಲಿ ಅದನ್ನು ಮತ್ತೆ ಕೂರಿಸುವುದು ದೊಡ್ಡ ಪಾಡು. ಜಿಬ್ ಹ್ಯಾಲ್ಯಾರ್ಡ್ ಬಿಗಿದು ನೋಡಿ. ಅದು ತುದಿಮುಟ್ಟಿದ್ದರೆ ದಂಡೆಗೆ ಬಂದು ಎರಡೂ ಶ್ರೌಡ್ ಒಂದು ತೂತು ಗಿಡ್ಡ ಮಾಡಿ.

ಜಿಬ್‌ನ ಮುಂದಿನ ಅಂಚನ್ನು ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿ. ಗೆರೆ ಎಳೆದಂತೆ ನೇರವಾಗಿದ್ದರೆ ಸರಿ. ಮರೆಯ ಕಡೆಗೆ ಬಿಲ್ಲಿನಂತೆ ಬಾಗಿದ್ದರೆ ಹ್ಯಾಲ್ಯಾರ್ಡ್ ಸಾಲದು. ಜಿಬ್‌ನ ಬಟ್ಟೆಯಲ್ಲಿ ಅಡ್ಡ ಸುಕ್ಕು ಕಂಡರೆ ಅದು ಬೇರೆ ವಿಷಯ. ತಂತಿ ಬಿಗಿಯಾಗಿದ್ದರೂ ಬಟ್ಟೆ ಸಡಿಲಿರಬಹುದು, ಬಟ್ಟೆಯನ್ನು ತಂತಿಯ ಮೇಲೆ ಎಳೆಯುವ ಸಣ್ಣ ಹಗ್ಗ ಬಿಗಿದರೆ ಹೋಗುತ್ತದೆ. ಮೇನ್ ಹಾಯಿಗೆ ಇದೇ ಕೆಲಸ ಮಾಡುವುದು ಅದರ ಕೆಳಗಿನ ಅಡ್ಡಕಂಬ, ಬೂಮಿನ, ಬಳಿಯ ಹಗ್ಗ, ಡೌನ್‌ಹಾಲ್.

ಬೇರೆ ಕ್ಯಾಟಮರಾನ್ ಇರುವವರಿಗೆ ಒಂದು ಮಾತು. ನಾಕ್ರಾದಂಥ ದೋಣಿಗಳಲ್ಲಿ ಮಾಸ್ಟ್‌ನ ಮೈಗೇ ವಜ್ರಾಕಾರದಲ್ಲಿ ಬಿಗಿದ ಎರಡು ತಂತಿ ಇರುತ್ತವೆ, ಮಾಸ್ಟ್ ಪಕ್ಕಕ್ಕೆ ಬಾಗದಂತೆ ತಡೆಯಲು. ಹೋಬಿ 16ರಲ್ಲಿ ಅವಿಲ್ಲ. ನಿಮ್ಮಲ್ಲಿ ಇದ್ದರೆ ಎರಡೂ ಸಮವಾಗಿರಬೇಕು. ಮಾಸ್ಟ್‌ನ ಹಿಂಬದಿಯಲ್ಲಿ ಹಾಯಿಯ ಅಂಚು ಕೂರುವ ಸೀಳಿನಲ್ಲಿ ಕಣ್ಣಿಟ್ಟು ಬುಡದಿಂದ ತುದಿಯವರೆಗೆ ನೋಡಿ, ಅಡ್ಡ ಬಾಗು ಕಂಡರೆ ಸರಿಪಡಿಸಿ.

ರಿಂಗ್

ಇದನ್ನು ಕೊನೆಗಿಟ್ಟದ್ದು ಬೇಕೆಂದೇ. ನಾನು ದೋಣಿ ಕೊಂಡ ಮೊದಲ ವರ್ಷ, ದಂಡೆಯಿಂದ ಅರ್ಧ ಕಿಲೋಮೀಟರ್ ಆಚೆ, ಸಾಧಾರಣ ಗಾಳಿಯಲ್ಲಿ, ಮಾಸ್ಟ್ ಒಂದೇ ಸಲಕ್ಕೆ ಪಕ್ಕಕ್ಕೆ ಉರುಳಿತು. ಅದು ನನ್ನ ಜೊತೆಗಿದ್ದವರ ತಲೆಯಿಂದ ಒಂದು ಮೊಳ ದೂರದಲ್ಲಿ ಬಿತ್ತು. ತಂತಿ ತುಂಡಾಗಿದೆ ಎಂದುಕೊಂಡು ಎಳೆದು ನೋಡಿದರೆ ತಂತಿ ಹೊಸದರಂತೆ ಇತ್ತು. ಎಡ ಶ್ರೌಡ್‌ನ ಪಿನ್ ಇರಲಿಲ್ಲ. ಅದರ ರಿಂಗನ್ನು ಜಿಬ್ ಹಗ್ಗ ಉಜ್ಜಿ ಉಜ್ಜಿ ಬಿಡಿಸಿತ್ತು, ಆಮೇಲೆ ಮರೆಯ ಕಡೆ ಸಡಿಲಾಗಿದ್ದಾಗ ಪಿನ್ ತಾನಾಗಿ ಜಾರಿತ್ತು, ದೋಣಿ ತಿರುಗಿಸಿದ ಕೂಡಲೇ ಮಾಸ್ಟ್ ಹೋಯಿತು. 900 ಕಿಲೊ ತಡೆಯುವ ತಂತಿ ನಿಂತದ್ದು ಉಗುರಿನಷ್ಟಗಲದ ಒಂದು ಬಳೆಯ ಮೇಲೆ. ಅವರ ಮನೆಯವರಿಗೆ ಏನು ಹೇಳಬೇಕಿತ್ತು ಎಂಬ ಯೋಚನೆ ಆ ರಾತ್ರಿ ನಿದ್ದೆಗೆ ಬಿಡಲಿಲ್ಲ.

ಅಂದಿನಿಂದ ನನ್ನ ಪದ್ಧತಿ ಇದು. ರಿಂಗ್ ಸುರುಳಿ ಅಗಲಿದ್ದರೆ, ಅಂದರೆ ಎರಡು ಸುತ್ತಿನ ನಡುವೆ ಬೆಳಕು ಕಂಡರೆ, ಎಸೆದು ಹೊಸತು ಹಾಕುತ್ತೇನೆ. ತೊಡಿಸಿದ ಮೇಲೆ ಪೂರ್ತಿ ಸುತ್ತು ಒಳಹೋಗಿದೆಯೇ ಎಂದು ತಿರುಗಿಸಿ ನೋಡುತ್ತೇನೆ, ಅರ್ಧ ಸಿಕ್ಕಿ ನಿಂತ ರಿಂಗ್ ನೋಡಲು ಸರಿಯಾಗೇ ಕಾಣುತ್ತದೆ. ಅದರ ಮೇಲೆ ಎರಡು ಸುತ್ತು ಬಿಳಿ ರಿಗ್ಗಿಂಗ್ ಟೇಪ್. ಕಪ್ಪು ಇನ್ಸುಲೇಷನ್ ಟೇಪ್ ಇಲ್ಲಿನ ಬಿಸಿಲಿಗೆ ವಾರದಲ್ಲಿ ಕರಗಿ ಅಂಟಾಗುತ್ತದೆ. ಟೇಪ್ ಸುತ್ತಿದ ಕಡೆ ಉಪ್ಪು ನಿಲ್ಲುವುದರಿಂದ ತಿಂಗಳಿಗೊಮ್ಮೆ ಬಿಚ್ಚಿ, ಒಳಗೆ ನೋಡಿ, ಮತ್ತೆ ಸುತ್ತಬೇಕು. ಶ್ರೌಡ್ ಎರಡು, ಫೋರ್‌ಸ್ಟೇ, ಬ್ರೈಡಲ್‌ನ ಎರಡು ಕಾಲು, ಜಿಬ್‌ನ ಕೆಳಮೂಲೆ: ಈ ಜಾಗಗಳನ್ನು ನೀರಿಗಿಳಿಯುವ ಮೊದಲು ಕೈಯಿಂದ ಮುಟ್ಟಿ ನೋಡುತ್ತೇನೆ. ಜೊತೆಗೆ ಬರುವವರು ಇನ್ನೊಂದು ಸುತ್ತು ಮುಟ್ಟುತ್ತಾರೆ. ಲೈಫ್ ಜಾಕೆಟ್ಟಿನ ಜೇಬಿನಲ್ಲಿ ನಾಲ್ಕು ರಿಂಗ್, ಎರಡು ಕ್ಲೆವಿಸ್ ಪಿನ್, ಒಂದು ಸಣ್ಣ ಇಕ್ಕಳ, ಎರಡು ಮೀಟರ್ ಹಗ್ಗ ಸದಾ ಇರುತ್ತದೆ.

ಹೊಸ ತಂತಿ, ಹೊಸ ಹಗ್ಗ ಹಾಕಿದ ದಿನ ಇಪ್ಪತ್ತು ನಿಮಿಷ ಓಡಿಸಿ ದಂಡೆಗೆ ಮರಳಿ. ತುದಿಗಳು ಕೂತುಕೊಂಡು, ಹ್ಯಾಲ್ಯಾರ್ಡ್ ಹಗ್ಗ ಹಿಗ್ಗಿ, ಬಿಗಿ ಕಡಿಮೆಯಾಗಿರುತ್ತದೆ. ಜಿಬ್ ಮತ್ತೆ ಎಳೆದು ಕಟ್ಟಿ, ಮಾರ್ಕರ್ ಗೆರೆಯನ್ನು ಹೊಸ ಜಾಗದಲ್ಲಿ ಹಾಕಿ, ಪಿನ್‌ಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ ಹೊರಡಿ. ಸಂಜೆ ಬಂದ ಮೇಲೆ ಸಿಹಿನೀರಿನಿಂದ ತಂತಿಗಳ ತುದಿ, ಅಡ್ಜಸ್ಟರ್, ಪುಲ್ಲಿಗಳನ್ನು ತೊಳೆಯಿರಿ. ಜಿಬ್ ಹ್ಯಾಲ್ಯಾರ್ಡ್ ಸಡಿಲ ಬಿಡಿ. ದೋಣಿ ನಿಂತಿರುವಾಗ ಮಾಸ್ಟ್ ಹಿಡಿಯುವ ಕೆಲಸ ಫೋರ್‌ಸ್ಟೇಯದು.